ಶೇಕಡಾ ಹತ್ತರ ಸತ್ಯ: ಒಂದು ಶಾಸ್ತ್ರೀಯ ವಿವೇಚನೆ

ಪರರ ಬರಹವನ್ನು ತನ್ನದೆಂದು ಪ್ರಕಟಿಸುವುದೇ ಕೃತಿಚೌರ್ಯವೆಂಬ ಪ್ರಾಚೀನರ ಲಕ್ಷಣವು ಅತಿವ್ಯಾಪ್ತಿದೋಷದಿಂದ, ಎಂದರೆ ಹಿಡಿಯಬೇಕಾದವರ ಜೊತೆಗೆ ಬಿಡಬೇಕಾದವರನ್ನೂ ಹಿಡಿದುಹಾಕುವ ದೋಷದಿಂದ ಕೂಡಿರುವುದರಿಂದ, ನವ್ಯರು ಅದನ್ನು ಕೈಬಿಟ್ಟು ಶೇಕಡಾವಾರು ಲಕ್ಷಣವೊಂದನ್ನು ಅಂಗೀಕರಿಸಿದ್ದಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯಂತೆ, ಮಹಾಪ್ರಬಂಧದಲ್ಲಿ ಹೋಲಿಕೆಯು ಶೇ. 10ರೊಳಗಿದ್ದರೆ ದಂಡವಿಲ್ಲ, ಶೇ. 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು, ಶೇ. 60ರವರೆಗಿದ್ದರೆ ಒಂದು ವರ್ಷ ಒಪ್ಪಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯು, ಅಡಿಕೆಯು ಆನೆಯ ಶೇಕಡಾ ಎಷ್ಟು ಭಾಗವೆಂಬುದನ್ನು ತಿಳಿಸದಿರುವುದರಿಂದ, ಈ ಶಾಸ್ತ್ರದಲ್ಲಿ ಅಪ್ರಮಾಣವೆನಿಸುತ್ತದೆ.

ಈ ಲಕ್ಷಣದ ಪರೀಕ್ಷೆಗೆ ಮೈಸೂರಿಗಿಂತ ತಕ್ಕ ಕ್ಷೇತ್ರವಿಲ್ಲ. 1891ರಲ್ಲಿ ಸ್ಥಾಪನೆಯಾಗಿ ಇಂದು ಪ್ರಾಚ್ಯವಿದ್ಯಾ ಸಂಶೋಧನಾಲಯವೆನಿಸಿರುವ ಇಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗ್ರಂಥಲಿಪಿಯ ತಾಳೆಗರಿಗಳಲ್ಲಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಆದರೆ ಪೂರ್ವಾಚಾರ್ಯರ ಶಾಸ್ತ್ರಗಳನ್ನು ಒಟ್ಟುಗೂಡಿಸಿ ಈ ಗ್ರಂಥವನ್ನು ರಚಿಸಿದ್ದಾಗಿ ಕೌಟಿಲ್ಯನು ಆರಂಭದಲ್ಲಿಯೇ ತಪ್ಪೊಪ್ಪಿಕೊಂಡಿರುವುದರಿಂದ, ಅವನ ನೋಂದಣಿ ರದ್ದಾಗುವುದು ನಿಶ್ಚಿತ. ಆಕರ ಹೇಳಿದ ಉದ್ಧರಣೆಗೆ ವಿನಾಯಿತಿಯುಂಟಲ್ಲವೇ, ಅವನು ಮನು, ಬೃಹಸ್ಪತಿ, ಉಶನಸರ ಪಂಥಗಳನ್ನು ಹೆಸರಿಸಿಯೇ ಚರ್ಚಿಸುತ್ತಾನಲ್ಲವೇ, ಗ್ರಂಥಾಂತ್ಯದ 32 ತಂತ್ರಯುಕ್ತಿಗಳಲ್ಲಿ ಅಪದೇಶವನ್ನು, ಎಂದರೆ ಇಂಥವರು ಹೀಗೆಂದರೆಂದು ಹೇಳುವ ಕ್ರಮವನ್ನು, ಸೇರಿಸಿದ್ದಾನಲ್ಲವೇ ಎಂಬುದು ಪೂರ್ವಪಕ್ಷ. ಪುಟಸಂಖ್ಯೆಯೂ ಪ್ರಕಾಶಕರ ವಿಳಾಸವೂ ಇಲ್ಲದಿರುವುದರಿಂದ ಆ ವಾದ ನಿಲ್ಲದೆಂಬುದು ಸಿದ್ಧಾಂತ. ಅಧಿಕಾರಿಗಳು ಹಣ ನುಂಗುವ 40 ಬಗೆಗಳನ್ನು ಎಣಿಸಿದವನು ವಾಕ್ಯ ನುಂಗುವ ಬಗೆಗಳನ್ನು ಎಣಿಸದೆ ಬಿಟ್ಟದ್ದೂ ಇಲ್ಲಿ ಸಂಶಯಾಸ್ಪದವೇ.

ಇನ್ನು ಈ ದಂಡದಿಂದ ಪಾರಾಗುವ ಉಪಾಯಗಳ ವಿಚಾರ. ಸಾಮಾನ್ಯ ಜ್ಞಾನದ ಅಥವಾ ಕಾಕತಾಳೀಯವಾದ ಪದಗಳು ಸತತವಾಗಿ 14ರವರೆಗೆ ಹೊಂದಿದರೆ ನಿಯಮಾವಳಿಯು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಂಗ್ಲಿಷಿನವನು ಹಲವು ಪದಗಳನ್ನು ವೆಚ್ಚಮಾಡಿ ಹೇಳುವುದನ್ನು ಕನ್ನಡ ಸಂಶೋಧಕನು ‘ಬರೆಯಲಾಗುತ್ತಿರಲಿಲ್ಲವೆಂಬುದನ್ನೂ’ ಎಂಬ ಒಂದೇ ಪದದಲ್ಲಿ ಮುಗಿಸುವುದರಿಂದ, ಅದೇ 14 ಪದಗಳ ಚೀಲದಲ್ಲಿ ಇವನು ಹೆಚ್ಚು ಸರಕು ಸಾಗಿಸಬಲ್ಲನು. ಶಬ್ದಮಣಿದರ್ಪಣದಲ್ಲಿ ಕೇಶಿರಾಜನು ಸಂಧಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟದ್ದೇಕೆಂಬುದು ಈಗ ಸ್ಪಷ್ಟವಾಗುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿಸಿದರಂತೂ ಕನ್ನಡವು ಹೋಲಿಕೆ ಹುಡುಕುವ ಯಂತ್ರದ ಕಣ್ಣಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುವುದರಿಂದ, ಮತ್ತು ಅರ್ಥವಿಲ್ಲದ್ದನ್ನು ಹಿಂದೆ ಯಾರೂ ಅದೇ ರೀತಿ ಬರೆದಿರುವ ಸಂಭವವಿಲ್ಲದಿರುವುದರಿಂದ, ಅಂಥ ಮಹಾಪ್ರಬಂಧವು ಸಂಪೂರ್ಣ ಸ್ವೋಪಜ್ಞ, ಎಂದರೆ ಕರ್ತೃವಿನ ಸ್ವಂತ ಬುದ್ಧಿಯಿಂದಲೇ ಹುಟ್ಟಿದ್ದು, ಎನಿಸಿಕೊಳ್ಳುತ್ತದೆ.

ಕೊನೆಯದಾಗಿ ಒಂದು ಅಪವಾದವನ್ನು ಪರಿಶೀಲಿಸಬೇಕು. ಅರ್ಥಶಾಸ್ತ್ರದ ತಾಳೆಗರಿಗಳನ್ನು ಮೈಸೂರಿಗೆ ಒಪ್ಪಿಸಿದವರು ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು. ಅವರು ಸಹಲೇಖಕರೆನಿಸಿಕೊಳ್ಳಲಿಲ್ಲ, ಬಡ್ತಿಯ ಅಂಕಗಳನ್ನು ಗಳಿಸಲಿಲ್ಲ. ಆದರೂ ಶೇಕಡಾವಾರು ಲೆಕ್ಕ ಇನ್ನೂ ಹುಟ್ಟದಿದ್ದ ಆ ಕಾಲದಲ್ಲಿ, ಹಸ್ತಪ್ರತಿಯು ಅವರಿಂದ ಬಂದುದೆಂಬುದನ್ನು ಶಾಮಾಶಾಸ್ತ್ರಿಗಳು ಮುನ್ನುಡಿಯಲ್ಲಿ ದಾಖಲಿಸಿದರು. ಈ ಋಣಸ್ಮರಣೆಗೆ ಶೇಕಡಾ ಎಷ್ಟು ಅಂಕವೆಂಬುದು ನಿರ್ಣಯವಾಗುವಂತಿಲ್ಲ. ಏಕೆಂದರೆ ಮುನ್ನುಡಿಯನ್ನೂ ಕೃತಜ್ಞತೆಯ ಪುಟವನ್ನೂ ಪರೀಕ್ಷೆಯಿಂದ ಹೊರಗಿಡಬೇಕೆಂದು 2018ರ ನಿಯಮಾವಳಿಯೇ ವಿಧಿಸಿರುವುದರಿಂದ, ಯಂತ್ರವು ಆ ಪುಟವನ್ನು ಓದುವುದೇ ಇಲ್ಲ.