ಇಂಪ್ಯಾಕ್ಟ್ ಮೇಷ್ಟ್ರು

ಕಾಲೇಜಿಗೆ ನ್ಯಾಕ್ ಮೌಲ್ಯಮಾಪನ ಬರುವ ವರ್ಷ, ಸಂಶೋಧನಾ ಅನುದಾನದ ಅರ್ಜಿ ಬರೆಯುವುದನ್ನು ಕಲಿಸಲು ಇಂಪ್ಯಾಕ್ಟ್ ಮೇಷ್ಟ್ರೂ ತಪ್ಪದೆ ಬರುತ್ತಾರೆ. ಪ್ರಾರ್ಥನೆ, ದೀಪ, ಮೈಸೂರು ಪೇಟ ಎಲ್ಲ ಮುಗಿದು ಮೈಕು ಒಮ್ಮೆ ಅವರ ಕೈಸೇರಿತೆಂದರೆ ಊಟದ ತನಕ ಬಿಡುಗಡೆಯಿಲ್ಲ, ಮೈಕಿಗೂ, ನಮಗೂ.

ಮೊದಲ ಸ್ಲೈಡಿನಲ್ಲಿ ಐದು ಡಬ್ಬಿ, ನಡುವೆ ಬಾಣ. ಅನುದಾನದ ದುಡ್ಡು ಇನ್‌ಪುಟ್, ಅದರಲ್ಲಿ ಮಾಡುವ ಕೆಲಸ ಆ್ಯಕ್ಟಿವಿಟಿ, ಪೇಪರು ಔಟ್‌ಪುಟ್, ಅದನ್ನು ಯಾರಾದರೂ ಬಳಸಿದರೆ ಔಟ್‌ಕಮ್, ಬಳಸಿದವರ ಬದುಕು ಬದಲಾದರೆ ಇಂಪ್ಯಾಕ್ಟ್. ಇಷ್ಟು ಹೇಳಿ ಕೂತಿದ್ದರೆ ಅವರು ದೊಡ್ಡ ಮನುಷ್ಯರೇ. ಕೂರುವುದಿಲ್ಲ. ಮುಂದೆ ಬರುವುದು ಬ್ರಿಟನ್ನಿನ ‘ಪಾತ್‌ವೇಸ್ ಟು ಇಂಪ್ಯಾಕ್ಟ್’ ನಮೂನೆ. ಇಂಪ್ಯಾಕ್ಟ್ ಅರ್ಜಿಯ ಒಳಗೇ ಬೆರೆತಿರಬೇಕು, ಕೊನೆಗೆ ಎರಡು ಪುಟ ಅಂಟಿಸುವುದು ಬೇಡ ಎಂದು 2020ರ ಮಾರ್ಚಿನಲ್ಲಿ ಅಲ್ಲಿಯವರೇ ಅದನ್ನು ಕೈಬಿಟ್ಟರು. ಮೇಷ್ಟ್ರು ಬಿಟ್ಟಿಲ್ಲ. ನಮ್ಮಲ್ಲಿ 2023ರ ಕಾಯ್ದೆಯಿಂದ, ಸಂಶೋಧನೆಗೆ ದುಡ್ಡು ಕೊಡುತ್ತಿದ್ದ ಎಸ್‌ಇಆರ್‌ಬಿ ಹೋಗಿ ಎಎನ್‌ಆರ್‌ಎಫ್ ಬಂದಾಗಲೂ ಸ್ಲೈಡಿನಲ್ಲಿ ಬದಲಾದದ್ದು ಲೋಗೋ ಮಾತ್ರ.

ಅವರಿಗೂ ಹಿಂದೊಮ್ಮೆ ಯುಜಿಸಿಯ ಮೈನರ್ ಪ್ರಾಜೆಕ್ಟ್ ಸಿಕ್ಕಿತ್ತಂತೆ. ಅದರ ಇಂಪ್ಯಾಕ್ಟ್ ಏನು ಅಂತ ಕೇಳಬೇಡಿ. ಎದುರಿಗೆ ನಿಂತು ಮಾತಾಡುತ್ತಿದೆಯಲ್ಲ, ಅದೇ.

ಅಸಲಿ ಮಜಾ ಪ್ರಾಯೋಗಿಕ ಅವಧಿಯದು. ಪ್ರಾಣಿಶಾಸ್ತ್ರದ ಹುಡುಗಿಯೊಬ್ಬಳು ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಕೂಗುವ ಇರುಳುಗಪ್ಪೆಗಳ ಬಗ್ಗೆ ಅರ್ಜಿ ಬರೆದುಕೊಂಡು ಬಂದಿದ್ದಳು.

“ಫಲಾನುಭವಿ ಯಾರು?”

“ಕಪ್ಪೆ, ಸರ್.”

“ಕಪ್ಪೆಗೆ ಆಧಾರ್ ಇದೆಯೇನಮ್ಮಾ?”

ಹತ್ತೇ ನಿಮಿಷ. ಕಪ್ಪೆಯ ಕೂಗಿನಿಂದ ಮಳೆ ಮುನ್ಸೂಚನೆ, ಮುನ್ಸೂಚನೆಯಿಂದ ಆ್ಯಪು, ಆ್ಯಪಿನಿಂದ ಅಡಿಕೆ ಬೆಳೆಗಾರನ ಆದಾಯ ದುಪ್ಪಟ್ಟು. ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ನಾಲ್ಕನ್ನು ಕಪ್ಪೆಯ ಹೆಗಲಿಗೆ ಹೊರಿಸಿಯೇ ಅವರು ನೀರು ಕುಡಿದದ್ದು. ಹಿಂದಿನ ಸಾಲಿನಿಂದ ಭೌತಶಾಸ್ತ್ರದ ಹಿರಿಯರೊಬ್ಬರು ಎದ್ದರು: “1928ರಲ್ಲಿ ರಾಮನ್ ಬೆಳಕಿನ ಚದುರುವಿಕೆ ನೋಡುತ್ತಿದ್ದಾಗ, ಮುಂದೆ ಅದರಿಂದ ಔಷಧಿ, ರತ್ನಗಳ ಅಸಲಿತನ ಪರೀಕ್ಷಿಸುತ್ತಾರೆ ಅಂತ ಅರ್ಜಿಯಲ್ಲಿ ಬರೆದಿದ್ದರೇ?” ಮೇಷ್ಟ್ರು ಮರುಕದಿಂದ ನಕ್ಕರು. “ಪಾಪ, ಅವರಿಗೆ ಆಗ ಮೆಂಟರಿಂಗ್ ಇರಲಿಲ್ಲ ನೋಡಿ.”

ಊಟವಾದ ಮೇಲೆ, ಅರ್ಧ ಸಭೆ ತೂಕಡಿಸುವಾಗ, ಅವರ ಬಾಯಿಂದ ಒಂದು ಒಳ್ಳೆಯ ಪ್ರಶ್ನೆ ಜಾರಿಬಿತ್ತು. “ಕೆಲಸ ಮುಗಿದ ಮಾರನೇ ದಿನ ನೀವು ಮೊದಲು ಯಾರಿಗೆ ಫೋನ್ ಮಾಡುತ್ತೀರಿ?”

ಹುಡುಗಿ ಯೋಚಿಸಲೇ ಇಲ್ಲ. “ರೇಂಜರಿಗೆ, ಸರ್. ಯಾವ ಹಳ್ಳದಲ್ಲಿ ಮರಳು ಎತ್ತಬಾರದು ಅಂತ ಪಟ್ಟಿ ಕೊಡುತ್ತೇನೆ.”

ಇಡೀ ದಿನದಲ್ಲಿ ಆ ಸಭಾಂಗಣದಲ್ಲಿ ಕೇಳಿಬಂದ ಇಂಪ್ಯಾಕ್ಟ್ ಪ್ಲಾನ್ ಅದೊಂದೇ. ಯಾರಿಗೆ, ಏನು, ಯಾವಾಗ, ಎಲ್ಲ ಇತ್ತು. ಮೇಷ್ಟ್ರು ತಲೆಯಾಡಿಸಿದರು. “ಅದನ್ನೆಲ್ಲ ಬರೆಯಬೇಡಿ. ತೀರಾ ಸಣ್ಣದಾಗುತ್ತದೆ.”

ಅಡಿಕೆ ಬೆಳೆಗಾರನ ಆದಾಯ ನಿಜಕ್ಕೂ ದುಪ್ಪಟ್ಟಾಯಿತೇ ಅಂತ ಆಮೇಲೆ ಯಾರೂ ಹೋಗಿ ನೋಡುವುದಿಲ್ಲ ಎಂಬುದೇ ಈ ವಿದ್ಯೆಯ ಬಂಡವಾಳ. ರೇಂಜರಿಗಾದರೆ ಫೋನ್ ಮಾಡಿ ವಿಚಾರಿಸಿಬಿಡಬಹುದು.

ನಿಮ್ಮ ಕಾಲೇಜಿಗೂ ಮೇಷ್ಟ್ರು ಬಂದೇ ಬರುತ್ತಾರೆ. ಫೋನಿನ ಪ್ರಶ್ನೆಯನ್ನು ಬರೆದಿಟ್ಟುಕೊಳ್ಳಿ, ನಿಮಗೆ ಹೊಳೆದ ಉತ್ತರವನ್ನೇ ಅರ್ಜಿಯಲ್ಲಿ ತುಂಬಿ. ಸ್ಲೈಡುಗಳ ಫೋಟೋ ತೆಗೆಯುತ್ತಾ ಕೂರಬೇಡಿ. ಪಿಪಿಟಿಯನ್ನು ಸಂಜೆ ಅವರೇ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುತ್ತಾರೆ.