ಲೂಪ್ ಲೈನಿನಲ್ಲಿ ನಿಂತ ಪ್ರಿಂಟು

ಸಂಜೆ ದಾಸವಾಳದ ಬೇಲಿಯಾಚೆಯಿಂದ ಮಾಸ್ಟ್ರು ಕೂಗಿದರು. ಬೀರೂರಲ್ಲೇ ಸ್ಟೇಷನ್ ಮಾಸ್ಟರಾಗಿ ರಿಟೈರಾದವರು. "ಏನಪ್ಪಾ ಮುಖ ಬಾಡಿದೆ, ಕಡೂರಲ್ಲಿ ಬಸ್ ತಪ್ತಾ?"

ಬಸ್ಸಲ್ಲ ಮಾಸ್ಟ್ರೇ, ಪ್ರಿಂಟರು ಅಂದೆ. ಆಫೀಸಿನ ಹತ್ತು ಟೇಬಲ್ಲಿಗೆ ಒಂದೇ ಮೆಷಿನ್ನು, ಅದೂ ಹಾಲಿನ ಮೂಲೆಯಲ್ಲಿ. ಮೊನ್ನೆ ನನ್ನ ಸಂಬಳದ ಚೀಟಿಗೆ ಪ್ರಿಂಟ್ ಕೊಟ್ಟು ಎದ್ದು ಹೋಗೋಷ್ಟರಲ್ಲಿ ಅದು ಇನ್ಯಾರದೋ ಫೈಲಿಗೆ ಸೇರಿ ತರೀಕೆರೆಗೆ ಟಪಾಲಾಗಿತ್ತು. ಅದಕ್ಕೇ ಈಗ 'ಹೋಲ್ಡ್' ಹಾಕಿಸಿದ್ದೀನಿ. ಮೆಷಿನ್ ಮುಂದೆ ನಿಂತು ನಾಲ್ಕಂಕಿ ಒತ್ತಿದರೇ ಕಾಗದ ಈಚೆಗೆ ಬರೋದು.

"ನಿಂದು ನಿಂತ್ರೆ ಹಿಂದಿನವರದ್ದೂ ನಿಲ್ಲುತ್ತಾ?"

ಪ್ರಿಂಟರನ್ನೇ ನಿಲ್ಲಿಸಿದರೆ ಎಲ್ಲರದೂ ನಿಲ್ಲುತ್ತೆ, ಒಂದನ್ನು ಮಾತ್ರ ತಡೆದರೆ ಅದು ಪಕ್ಕಕ್ಕೆ ಸರಿದು ಉಳಿದವು ಹೋಗುತ್ವೆ ಅಂದೆ. ಮಾಸ್ಟ್ರು ಬೇಲಿಗಲ್ಲಿಗೆ ಮೊಣಕೈ ಊರಿದರು. ಅಲ್ಲಿಗೆ ನನ್ನ ಕಾಫಿ ಆರಿತು ಅಂತಲೇ ಲೆಕ್ಕ.

"ಲೂಪ್ ಲೈನು ಕಣೋ ಅದು! ಅಜ್ಜಂಪುರದ ಕಡೆ ಹೋಗೋ ಗೂಡ್ಸನ್ನ ಪಕ್ಕದ ಲೂಪಿಗೆ ಹಾಕಿ ಎಕ್ಸ್‌ಪ್ರೆಸ್ ಬಿಡ್ತಿದ್ವಿ. ನಿನ್ನ ನಾಲ್ಕಂಕಿ ಅಂದ್ರೆ ಲೈನ್ ಕ್ಲಿಯರ್. ಮುಂದಿನ ಸ್ಟೇಷನ್ ಕೊಡದೆ ಗಾಡಿ ಹೊರಡಲ್ಲ."

ಸರಿಯೇ. ಆದರೆ ಗೂಡ್ಸ್ ಡ್ರೈವರು ಲೂಪಲ್ಲಿ ಬುತ್ತಿ ಬಿಚ್ಚಿ ಕೂರ್ತಾನೆ, ನಮ್ಮವರು ಕೂರಲ್ಲ. ಟ್ರೇ ಖಾಲಿ ಕಂಡರೆ ಇನ್ನೊಂದು ಸಲ ಪ್ರಿಂಟು, ಮತ್ತೊಂದು ಸಲ. ನಂಬರ್ ಒತ್ತಿದಾಗ ಐದೈದು ಪ್ರತಿ. ಮಧ್ಯೆ ಕರೆಂಟ್ ಹೋದರಂತೂ ನಮ್ಮ ಮೆಷಿನ್ನು ಇಟ್ಟುಕೊಂಡಿದ್ದನ್ನೆಲ್ಲ ಮರೆತೇಬಿಡುತ್ತೆ.

"ನಮ್ಮ ಗೂಡ್ಸ್ ಮಾಯ ಆಗ್ತಿರಲಿಲ್ಲಪ್ಪ" ಅಂತ ನಕ್ಕು, ಮಾಸ್ಟ್ರು ಪಹಣಿಗೆ ಹಾರಿದರು. "ಜಮೀನಿನ ಪಹಣಿಯನ್ನ ಕಂಪ್ಯೂಟರಲ್ಲಿ ಕೊಡೋ 'ಭೂಮಿ' ಬಂದ ಹೊಸತರಲ್ಲಿ ಒಂದು ಪ್ರತಿಗೆ 15 ರೂಪಾಯಿ. ಅಜ್ಜಂಪುರ ಆಗಿನ್ನೂ ತಾಲ್ಲೂಕಾಗಿರಲಿಲ್ಲ, ನಮ್ಮ ಬಾವ ತರೀಕೆರೆಗೇ ಹೋಗೋನು. ಆಪರೇಟರು ಬೆರಳು ಒತ್ತಿದ್ರೇ ಕಂಪ್ಯೂಟರ್ ತೆರೆಯೋದು. ರೈತನಿಗೆ ಕಾಣೋ ಹಾಗೆ ಈ ಕಡೆಗೂ ಒಂದು ಪರದೆ. ಕಿಟಕಿ ಮುಂದೆ ನಿಂತೋನ ಕೈಗೇ ಕಾಗದ. ಹೋಲ್ಡು ಗೀಲ್ಡು ಯಾಕೆ ಬೇಕಿತ್ತು?"

ಅದೇ ನೋಡಿ. ಕಾಗದ ಬೀಳೋ ಜಾಗದಲ್ಲಿ ಅದರ ಯಜಮಾನ ನಿಂತಿರ್ತಿದ್ದ. ನಾವು ಕೂತಲ್ಲಿಂದಲೇ ಒತ್ತಿ, ಈಗ ನಂಬರ್ ನೆಪದಲ್ಲಿ ಎದ್ದು ಹೋಗಿ ನಿಲ್ತಿದ್ದೀವಿ.

"ಹಂಗಾದ್ರೆ ನಾಳೆ ನನ್ನ ತೋಟದ್ದೊಂದು ಪಹಣಿ ತೆಗೆಸ್ಕೊಂಡು ಬಾ. ಒಂದೇ ಪ್ರತಿ ಕಣಪ್ಪ, ಐದು ಸಲ ಒತ್ಬೇಡ."