ನಾನು ಮುರಿದರೆ ಗಾಳಿಗೆ ಮಾರ್ಕು

ಕೊಟ್ಟಿಗೆಹಾರದಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ, ಕಾಫಿ ತೋಟದ ಬೇಲಿಯ ಕಡೆಗೆ ವಾಲಿಕೊಂಡು ಒಂದು ಸಿಮೆಂಟ್ ಕಂಬವಿದೆ. ಹನ್ನೊಂದು ಕೆ.ವಿ. ಲೈನು ಹೊತ್ತ ಕಂಬ. ಆರಿದ್ರ ಮಳೆಯಲ್ಲಿ ವಾಲಿದ್ದು ಪುಷ್ಯ ಮಳೆ ಬಂದರೂ ನೆಟ್ಟಗಾಗಿಲ್ಲ. ಗಾಳಿಯ ವಿಷಯಕ್ಕೆ ಎಲ್ಲರೂ ಹವಾಮಾನದವರನ್ನು ಕೇಳುತ್ತಾರೆ, ಏಟು ತಿಂದವರನ್ನು ಯಾರೂ ಕೇಳುವುದಿಲ್ಲ ಎಂಬುದು ಅದರ ದೂರು. ಮಳೆ ತುಸು ಹೊಳವಾದಾಗ ಕೊಡೆ ಮಡಚಿ ಮಾತಿಗೆ ನಿಂತೆ.

ಆರಾಮಾ?

ಎಂಥ ಆರಾಮ ಮಾರಾಯ್ರೆ! ಸೊಂಟ ಹೋಗಿದ್ದು ಕಾಣ್ತಿಲ್ವಾ? ಬುಡಕ್ಕೆ ಕಾಂಕ್ರೀಟ್ ಹಾಕ್ತೀವಿ ಅಂದಿದ್ರು. ಹಾಕಿದ್ದು ಮಣ್ಣು, ಮೇಲೆ ಎರಡು ಕಲ್ಲು. ಬಿಲ್ಲಿನಲ್ಲಿ ಕಾಂಕ್ರೀಟೇ ಇರುತ್ತೆ ಬಿಡಿ, ಅಲ್ಲಿ ಗಟ್ಟಿಯಾಗಿ ನಿಂತಿರ್ತೀನಿ.

ಸುಂಟರಗಾಳಿಗೆ ಧರೆಗುರುಳಿದ ಕಂಬ ಅಂತ ನಿಮ್ಮ ಸುದ್ದಿ ಓದಿದೆ.

ಧರೆಗೆ ಎಲ್ಲಿ ಉರುಳಿದೀನಿ? ಅರ್ಧ ದಾರಿಯಲ್ಲಿದೀನಿ. ಆಮೇಲೆ ಅದು ಸುಂಟರಗಾಳಿ ಅಂತ ಹೇಳಿದೋರು ತೋಟದೊಳಗೆ ಹೋಗಿ, ಬಿದ್ದ ಸಿಲ್ವರ್ ಮರಗಳು ಯಾವ ಕಡೆ ಮಲಗಿವೆ ಅಂತ ನೋಡಿದ್ರಾ? ಎಲ್ಲಾ ಒಂದೇ ದಿಕ್ಕಿಗೆ, ಪೂರ್ವಕ್ಕೆ ತಲೆ ಹಾಕಿ ಮಲಗಿವೆ. ಘಟ್ಟ ಹತ್ತಿ ಬಂದ ಮುಂಗಾರು ಗಾಳಿ ನೇರವಾಗಿ ತಳ್ಳಿದ್ದು ಅದು. ಸುಂಟರಗಾಳಿ ಆಗಿದ್ರೆ ಗಾಳಿ ಹೋದ ಗೆರೆಯ ಎರಡೂ ಪಕ್ಕದಿಂದ ಮರಗಳು ಒಳಮುಖವಾಗಿ, ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿರ್ತಿದ್ವು. ಏಪ್ರಿಲ್, ಮೇನಲ್ಲಿ ಗುಡುಗಿನ ಮಳೆ ಬರುತ್ತಲ್ಲ, ಆಗಿನ ಲೆಕ್ಕವೇ ಬೇರೆ. ಮೋಡದೊಳಗಿನ ತಣ್ಣನೆ ಗಾಳಿ ದೊಪ್ಪಂತ ಕೆಳಗಿಳಿದು ನೆಲಕ್ಕೆ ಬಡಿದು ಸುತ್ತ ಹರಡುತ್ತೆ. ಆಗ ಮರಗಳು ನಡುವಿನಿಂದ ಹೊರಮುಖವಾಗಿ ಮಲಗ್ತಾವೆ. ಬಿದ್ದ ಮರ ನೋಡಿ ಇದನ್ನೆಲ್ಲ ಓದೋಕೆ ಕಲಿಸಿದೋರು ಫುಜಿತಾ.

ಯಾರವರು? ಕಾಫಿ ಬೋರ್ಡಿನವರಾ?

ಅಲ್ಲ, ಜಪಾನಿನವರು. ಟೆಟ್ಸುಯಾ ಫುಜಿತಾ. ಹುಟ್ಟಿದ್ದು 1920ರಲ್ಲಿ. 1945ರಲ್ಲಿ ಎರಡನೇ ಅಣುಬಾಂಬು ಕೊಕುರಾ ಊರಿನ ಮೇಲೆ ಬೀಳಬೇಕಿತ್ತು. ಇವರಿದ್ದದ್ದು ಅದರ ಪಕ್ಕದಲ್ಲೇ. ಆವತ್ತು ಆಕಾಶ ಮುಚ್ಕಂಡು ಊರು ಕಾಣಲಿಲ್ಲ, ವಿಮಾನ ನಾಗಸಾಕಿಗೆ ಹೋಯ್ತು. ಆಮೇಲೆ ಇವರು ನಾಗಸಾಕಿ, ಹಿರೋಷಿಮಾ ಎರಡಕ್ಕೂ ಹೋಗಿ, ಮರಗಳು ಯಾವ ಕಡೆ ಬಿದ್ದಿವೆ ಅಂತ ನೋಡ್ಕಂಡು ಬಂದ್ರು. 1975ರಲ್ಲಿ ನ್ಯೂಯಾರ್ಕಿನಲ್ಲಿ ಇಳಿಯೋ ಹೊತ್ತಿಗೆ ಒಂದು ವಿಮಾನ ಬಿತ್ತು. ಮೇಲಿಂದ ಬಡಿಯೋ ಗಾಳಿಯೇ ಕಾರಣ ಅಂತ ಇವರು ಹೇಳಿದಾಗ ಬೆನ್ನಿಗಿದ್ದದ್ದು ಆ ಹಳೇ ನೆನಪೇ. ಅದಕ್ಕೂ ಮುಂಚೆ, 1971ರಲ್ಲಿ, ಷಿಕಾಗೊ ವಿಶ್ವವಿದ್ಯಾಲಯದಲ್ಲಿದ್ದಾಗ ಸುಂಟರಗಾಳಿಗೆ ದರ್ಜೆ ಕೊಡೋ ಅಳತೆಪಟ್ಟಿ ಮಾಡಿದ್ರು.

ದರ್ಜೆ ಯಾಕೆ? ಮೀಟರು ಇಟ್ಟು ವೇಗ ಅಳೆದರಾಯಿತಲ್ಲ.

ಮೀಟರು ಎಲ್ಲಿಡ್ತೀರಿ? ಸುಂಟರಗಾಳಿ ಹೋಗೋ ದಾರಿ ಸಾಮಾನ್ಯವಾಗಿ ಕಿರಿದು, ಯಾವ ಗದ್ದೆ ಮೇಲೆ ಹೋಗುತ್ತೆ ಅಂತ ಹೇಳಿ ಬರಲ್ಲ. ಅಕಸ್ಮಾತ್ ಇಟ್ಟ ಜಾಗಕ್ಕೇ ಬಂದ್ರೆ ಮೊದಲು ಹಾರೋದು ಮೀಟರೇ. ಹಾಗಾಗಿ ಗಾಳಿ ಹೋದ ಮೇಲೆ ಬಂದು, ಮುರಿದಿದ್ದನ್ನು ನೋಡಿ, ಇಷ್ಟು ವೇಗ ಇದ್ದಿರಬೇಕು ಅಂತ ಅಂದಾಜು ಬರೀತಾರೆ. 2007ರಿಂದ ಅಮೆರಿಕದಲ್ಲಿ ಆ ಪಟ್ಟಿಯನ್ನು ತಿದ್ದಿ ಬಳಸ್ತಿದಾರೆ, ಇಎಫ್ ಅಂತ ಹೆಸರು. ಗಂಟೆಗೆ 105 ಕಿ.ಮೀ. ಆದ್ರೆ ಸೊನ್ನೆ. 138ಕ್ಕೆ ಒಂದು, 178ಕ್ಕೆ ಎರಡು, 218ಕ್ಕೆ ಮೂರು, 267ಕ್ಕೆ ನಾಲ್ಕು, 322 ದಾಟಿದ್ರೆ ಐದು. ಅದರ ಮೇಲೆ ಇಲ್ಲ.

ಹಾಗಾದರೆ ನಮ್ಮ ಮುಂಗಾರು ಗಾಳಿಗೆ?

ಹವಾಮಾನದವರ ಎಚ್ಚರಿಕೆಯಲ್ಲಿ ಸಾಮಾನ್ಯವಾಗಿ ಇರೋದು 40ರಿಂದ 50, ಕೆಲವೊಮ್ಮೆ 60 ಕಿ.ಮೀ. ಅಂದ್ರೆ ಸೊನ್ನೆಗೂ ಪಾಸಾಗಿಲ್ಲ. 60ರ ಗಾಳಿ ಒಂದು ಚದರ ಮೀಟರ್ ತಗಡಿನ ಮೇಲೆ ಹಾಕೋ ಭಾರ ಸುಮಾರು 17 ಕಿಲೋ. 120 ಆದ್ರೆ ಎರಡರಷ್ಟಲ್ಲ, ನಾಲ್ಕರಷ್ಟು, 68 ಕಿಲೋ. 320ಕ್ಕೆ ಐನೂರು ಕಿಲೋ ಹತ್ರ ಹತ್ರ. ವೇಗಕ್ಕಿಂತ ಏಟು ಬೇಗ ಏರುತ್ತೆ, ಅದೇ ಅದರ ಗುಟ್ಟು.

ಸೊನ್ನೆಗೂ ಪಾಸಾಗದ ಗಾಳಿಗೆ ನೀವು ವಾಲಿದಿರಿ.

(ಸ್ವಲ್ಪ ಹೊತ್ತು ಮಾತಿಲ್ಲ. ಮೇಲೆ ಒಂದು ತಂತಿ ಜೋಲಾಡಿತು.)

ನನ್ನ ಮರ್ಯಾದೆ ತೆಗೀಬೇಡಿ. ಆ ಅಮೆರಿಕದ ಪಟ್ಟಿಯಲ್ಲಿ ಏನೇನು ಮುರಿದರೆ ಎಷ್ಟು ಗಾಳಿ ಅಂತ 28 ಸಾಲಿವೆ. ಮನೆ, ಶಾಲೆ, ಪೆಟ್ರೋಲ್ ಬಂಕಿನ ಚಾವಣಿ, ಎಲ್ಲಾ. ಕೊನೆಯ ಎರಡು ಮರಗಳಿಗೆ. 24ನೇದು ನಮ್ಮ ಜಾತಿ, ವಿದ್ಯುತ್ ಲೈನು. ಸಿಮೆಂಟಿನ ಕಂಬ ಮುರಿದಿದ್ರೆ ಗಾಳಿ ಸುಮಾರು 220 ಕಿ.ಮೀ. ಅಂತ ಹಾಕ್ಕೊಳ್ಳಿ ಅಂತಿದೆ. ಅಂದ್ರೆ ಮೂರನೇ ದರ್ಜೆ! ಆ ಲೆಕ್ಕದಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಪ್ರತಿ ಜುಲೈನಲ್ಲೂ ಭಯಂಕರ ಸುಂಟರಗಾಳಿ. ನನ್ನನ್ನು ನೆಟ್ಟ ಕಾಂಟ್ರಾಕ್ಟರಿಗೆ ಈ ಪಟ್ಟಿ ಸಿಕ್ಕಿದ್ರೆ ಫ್ರೇಮು ಹಾಕಿಸಿ ಗೋಡೆಗೆ ನೇತು ಹಾಕ್ತಾರೆ.

ಹಾಗಾದರೆ ಪಟ್ಟಿ ಸುಳ್ಳಾ?

ಸುಳ್ಳಲ್ಲ. ನೆಟ್ಟಗೆ ನೆಟ್ಟ ಕಂಬ, ಗಾಳಿಯೇ ಮುರಿದಿದ್ದಾಗ ಅದು ಸರಿ. ಕಟ್ಟೋಣ ಕಳಪೆ ಆಗಿದ್ರೆ ಅಂಕಿ ಇಳಿಸಿ ಅಂತ ಅಲ್ಲೂ ಅವಕಾಶ ಇದೆ. ಆದರೆ ನನ್ನ ಮೇಲೆ ಬಿದ್ದಿದ್ದು ಗಾಳಿ ಅಲ್ಲ, ಸಿಲ್ವರ್ ಕೊಂಬೆ. ಆಳು ಸಿಗಲಿಲ್ಲ ಅಂತ ಈ ಸಲ ಮರಗಸಿ, ಅಂದ್ರೆ ಕೊಂಬೆ ಸವರೋ ಕೆಲಸ, ಆಗಿರಲಿಲ್ಲ. ಲೈನ್‌ಮನ್ ಪಾಪ ಮಚ್ಚು ಹಿಡ್ಕಂಡು ಮೇ ತಿಂಗಳಲ್ಲೇ ಬಂದಿದ್ದ. "ಮೆಣಸಿನ ಬಳ್ಳಿ ಇದೆ, ಕೊಂಬೆ ಮುಟ್ಟಬೇಡ" ಅಂದ್ರು ತೋಟದ ಸಾಹುಕಾರ್ರು. ಕರೆಂಟು ಹೋದ ರಾತ್ರಿ ಅವನಿಗೆ ಬಂದ ಮೊದಲ ಫೋನೂ ಅವರದ್ದೇ. ವಾರಗಟ್ಟಲೆ ನೆನೆದು ನೆಲ ಮೆತ್ತಗಾಗಿತ್ತು, ಬುಡದಲ್ಲಿ ಎರಡೇ ಕಲ್ಲು. ನಾನು ಇನ್ನೇನು ಮಾಡ್ಲಿ? ನನ್ನನ್ನು ನೋಡಿ ಗಾಳಿಗೆ ಮಾರ್ಕು ಹಾಕಿದ್ರೆ ಅದರಲ್ಲಿ ಕಾಲು ಭಾಗ ಗಾಳಿಗೆ, ಉಳಿದಿದ್ದು ಮನುಷ್ಯರಿಗೆ ಸೇರಬೇಕು.

ಮುರಿಯೋಕೆ ಏನೂ ಇಲ್ಲದ ಕಡೆ ಗಾಳಿ ಬೀಸಿದರೆ?

ಒಳ್ಳೇ ಪ್ರಶ್ನೆ ಕೇಳಿದ್ರಿ. 2013ರ ಮೇ 31ರಂದು ಅಮೆರಿಕದ ಒಕ್ಲಹೋಮಾದಲ್ಲಿ, ಎಲ್ ರೆನೊ ಅನ್ನೋ ಊರಿನ ಹತ್ರ, 4 ಕಿ.ಮೀ.ಗೂ ಅಗಲದ ಸುಂಟರಗಾಳಿ ಬಂತು. ಲಾರಿ ಮೇಲೆ ಕೂರಿಸಿದ್ದ ರೇಡಾರು ಅದರೊಳಗೆ ಗಂಟೆಗೆ 470 ಕಿ.ಮೀ.ಗೂ ಮೀರಿದ ವೇಗ ಕಂಡಿತ್ತು. ಅದನ್ನು ನೋಡಿ ಐದು ಅಂದ್ರು. ಆಮೇಲೆ ಇಳಿಸಿ ಮೂರು ಮಾಡಿದ್ರು. ಹೋದ ದಾರಿಯಲ್ಲಿ ಇದ್ದದ್ದು ಬಹುಪಾಲು ಹೊಲ, ಐದಕ್ಕೆ ತಕ್ಕ ಹಾಗೆ ಮುರಿದಿದ್ದು ಏನೂ ಇರಲಿಲ್ಲ. ರೇಡಾರಿನ ಸಾಕ್ಷಿ ದರ್ಜೆಗೆ ನಡೆಯಲ್ಲ ಅಂದ್ರು.

ನಮ್ಮಲ್ಲಿ ಇಂಥ ದರ್ಜೆ ಇಲ್ಲ, ಪುಣ್ಯ.

ಇಲ್ಲ ಅಂತ ಯಾರು ಹೇಳಿದ್ದು? ನಮ್ಮ ಫುಜಿತಾ ಗ್ರಾಮ ಆಡಳಿತ ಅಧಿಕಾರಿ. 2019ರ ಆಗಸ್ಟ್‌ನಲ್ಲಿ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಜರಿದ ವರ್ಷ ನೆನಪಿದೆಯಾ? ಆಗ ಸರ್ಕಾರ ಬಿದ್ದ ಮನೆಗಳಿಗೆ ಎ, ಬಿ, ಸಿ ಅಂತ ಮಾಡ್ತು. ಮುಕ್ಕಾಲಿಗಿಂತ ಹೆಚ್ಚು ಹೋದ್ರೆ ಎ, 5 ಲಕ್ಷ. ನೂರಕ್ಕೆ 15ರಿಂದ 25ರಷ್ಟು ಹೋದ್ರೆ ಸಿ, 50 ಸಾವಿರ. ಗೋಡೆ ಬಿರುಕು 24ರಷ್ಟೋ 26ರಷ್ಟೋ ಅಂತ ಅಳೆಯೋಕೆ ಎಂಥ ಕಣ್ಣು ಬೇಕು ಯೋಚನೆ ಮಾಡಿ! ಫುಜಿತಾಗೂ ಆ ಕಣ್ಣು ಇರಲಿಲ್ಲ. ಅವರ ಪಟ್ಟಿಯಲ್ಲಿ ವೇಗ ಹತ್ತಿಪ್ಪತ್ತು ಕಿಲೋಮೀಟರ್ ಆಚೀಚೆ ಆದ್ರೂ ನಡೆಯುತ್ತೆ.

ತೋಟದ ಆಳುಗಳಿರುವ ಲೈನ್ ಮನೆಯ ಹೆಂಚು ಹಾರಿದರೆ ಯಾವ ದರ್ಜೆ?

ಮನೆ ಯಾರದ್ದು? ತೋಟದ್ದು. ಒಳಗೆ ನೆನೆದ ಅಕ್ಕಿ, ಹಾಸಿಗೆ, ಮಕ್ಕಳ ಪುಸ್ತಕ ಯಾರದ್ದು? ಅದಕ್ಕೆ ಅರ್ಜಿಯಲ್ಲಿ ಕಾಲಂ ಇಲ್ಲ. ಎಲ್ ರೆನೊ ಹೊಲದ ಹಾಗೇ ಅದೂ, ಲೆಕ್ಕದ ಪ್ರಕಾರ ಅಲ್ಲಿ ಗಾಳಿಯೇ ಬೀಸಿಲ್ಲ.

ನಿಜವಾದ ಸುಂಟರಗಾಳಿ ಈ ಕಡೆ ಬರುತ್ತಾ?

ಈ ಸೀಮೆಯ ಉಪದ್ರವ ಅದಲ್ಲ. ಅದಕ್ಕೆ ತನ್ನೊಳಗೇ ತಿರುಗೋ ದೊಡ್ಡ ಗುಡುಗಿನ ಮೋಡ ಬೇಕು, ಕೆಳಗೆ ಒಂದು ದಿಕ್ಕಿನ ಹಸಿ ಗಾಳಿ, ಮೇಲೆ ಇನ್ನೊಂದು ದಿಕ್ಕಿನ ಒಣ ಗಾಳಿ ಬೇಕು. ಮಾರ್ಚ್‌ನಿಂದ ಮೇವರೆಗೆ ಬಂಗಾಳ, ಒಡಿಶಾ, ಬಾಂಗ್ಲಾದೇಶದ ಕಡೆ ಅದು ಕೂಡಿ ಬರುತ್ತೆ. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ಮಾಣಿಕ್‌ಗಂಜ್ ಕಡೆ ಬಂದಿದ್ದಕ್ಕೆ ಸುಮಾರು 1,300 ಜನ ಹೋದ್ರು. ಅಂಥದ್ದರ ಹೆಸರನ್ನ ನಮ್ಮ ಜೋರುಗಾಳಿಗೆ ಇಟ್ಟು ಸುದ್ದಿ ಮಾಡ್ತಾರಲ್ಲ, ನನಗೇ ನಾಚಿಕೆ ಆಗುತ್ತೆ.

ಯಾವಾಗ ನೆಟ್ಟಗೆ ನಿಲ್ಲಿಸ್ತಾರಂತೆ?

ಎಸ್ಟಿಮೇಟ್ ಹೋಗಿದೆ. ಅದಿರಲಿ, ನನ್ನ ಸ್ಟೇ ವೈರಿಗೆ ಒರಗಿ ಬರ್ಕಳ್ತಾ ಇದೀರಲ್ಲ, ಲೈನು ಆಫ್ ಇದೆ ಅಂತ ನಿಮಗೆ ಯಾರು ಹೇಳಿದ್ದು?